ಹೆಸರು, ಊರು ಬೇಡ

"ನಿಲ್ಲು ಮಗಾ, ಉತ್ತರ ಓದಬೇಡ. ಮೊದಲು ನಾವು ಹೇಳ್ತೇವೆ."

ವಾರಪತ್ರಿಕೆಯ ಸಲಹೆ ಅಂಕಣ ಅಂದ ಕೂಡಲೇ ನನಗೆ ನೆನಪಾಗುವುದು ಈ ಮಾತು. ಕೇರಳದ ಕಾಸರಗೋಡಿನ ಬದಿಯಡ್ಕದಿಂದ ಪೆರ್ಲದ ಕಡೆಗೆ ಹೋಗುವ ದಾರಿಯಲ್ಲಿ ಬಸ್ಸಿಳಿದು, ತೋಟದ ಬದಿಯಲ್ಲಿ ಹತ್ತು ನಿಮಿಷ ನಡೆದರೆ ನಮ್ಮ ಮನೆ. ಮಧ್ಯಾಹ್ನದ ಊಟ ಮುಗಿಸಿ ಅಕ್ಕಪಕ್ಕದ ಏಳೆಂಟು ಹೆಂಗಸರು ನಮ್ಮ ಜಗಲಿಗೆ ಬೀಡಿ ಕಟ್ಟಲು ಬರುತ್ತಿದ್ದರು. ಎಲ್ಲರ ತೊಡೆಯ ಮೇಲೂ ಒಂದೊಂದು ಗೆರಸೆ. ಗೆರಸೆಯ ಒಂದು ಬದಿಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟ ಎಲೆ, ಇನ್ನೊಂದು ಬದಿಯಲ್ಲಿ ಹೊಗೆಸೊಪ್ಪಿನ ಹುಡಿ, ನಡುವೆ ನೂಲು. ಸಂಜೆಯೊಳಗೆ ಲೆಕ್ಕದ ಬೀಡಿ ಕಂಪೆನಿಯ ಬ್ರಾಂಚಿಗೆ ಮುಟ್ಟಬೇಕು. ಕೈ ನಿಲ್ಲಿಸುವ ಹಾಗಿಲ್ಲ, ಕಣ್ಣು ಬೇರೆ ಕಡೆ ಹೋಗುವ ಹಾಗಿಲ್ಲ. ಬಿಡುವಾಗಿರುತ್ತಿದ್ದದ್ದು ಕಿವಿ ಮಾತ್ರ. ಆ ಕಿವಿಗಳಿಗೆ ಓದಿ ಹೇಳುವ ಕೆಲಸ ನನ್ನದು. ನಾನಾಗ ಒಂಬತ್ತನೇ ಕ್ಲಾಸು. 1989ರ ಮಳೆಗಾಲ.

ಪತ್ರಿಕೆ ನಮ್ಮ ಮನೆಗೆ ಬರುವಾಗಲೇ ಎರಡು ಮನೆ ಸುತ್ತಿ ಬಂದಿರುತ್ತಿತ್ತು. 1965ರಿಂದ ಬರುತ್ತಿದ್ದ ಸುಧಾ, 1983ರಲ್ಲಿ ಮಣಿಪಾಲದಿಂದ ಶುರುವಾದ ತರಂಗ, ಕೋಟ್ಟಯಂನ ಮಲಯಾಳ ಬಳಗವೊಂದು ಕನ್ನಡದಲ್ಲಿ ತರುತ್ತಿದ್ದ ಮಂಗಳ, ಹೀಗೆ ಯಾವುದು ಸಿಕ್ಕಿದರೆ ಅದು. ಧಾರಾವಾಹಿಗೆ ಒಂದು ಗುಂಪು, ಭವಿಷ್ಯಕ್ಕೆ ಒಂದು ಗುಂಪು. ಆದರೆ ಎಲ್ಲರೂ ಸುಮ್ಮನಾಗಿ ಕೇಳುತ್ತಿದ್ದದ್ದು ಓದುಗರ ಸಮಸ್ಯೆಗೆ ಸಲಹೆ ಕೊಡುವ ಪುಟವನ್ನು.

ಒಂದು ದಿನದ್ದು ಹೇಳುತ್ತೇನೆ. ಯಾವುದೋ ಊರಿನ ಗೃಹಿಣಿಯ ಪತ್ರ. ಅವಳ ಚಿನ್ನವನ್ನು ನಾದಿನಿಯ ಮದುವೆಗೆ ಅಂತ ಅಡವಿಟ್ಟಿದ್ದಾರೆ. ಮೂರು ವರ್ಷ ಆದರೂ ಬಿಡಿಸಿ ಕೊಡುವ ಮಾತಿಲ್ಲ. ಕೇಳಿದರೆ ಮನೆಯಲ್ಲಿ ಮುಖ ದಪ್ಪ ಮಾಡುತ್ತಾರೆ. ನಾನು ಪ್ರಶ್ನೆ ಓದಿ ಮುಗಿಸಿದ್ದೇ ತಡ, ಮೂಲೆಯಿಂದ ಆ ಮಾತು ಬಂತು. ಉತ್ತರ ಓದಬೇಡ. ಆಮೇಲೆ ಅರ್ಧ ಗಂಟೆ ನಮ್ಮ ಜಗಲಿಯೇ ಸಲಹೆ ಪುಟ ಆಯಿತು. ತವರಿನವರನ್ನು ಕರೆಸಬೇಕು ಅಂತ ಒಬ್ಬರು. ಚಿನ್ನ ಹೋದದ್ದು ಹೋಯಿತು, ಇನ್ನು ಕೈಗೆ ಬರುವ ದುಡ್ಡನ್ನಾದರೂ ಬೇರೆ ಇಟ್ಟುಕೊಳ್ಳಲಿ ಅಂತ ಇನ್ನೊಬ್ಬರು. ಮಾತು ತುಳುವಿನಲ್ಲಿ ಶುರುವಾಗಿ, ಮಲಯಾಳದಲ್ಲಿ ಜೋರಾಗಿ, ಕನ್ನಡದಲ್ಲಿ ತಣ್ಣಗಾಗುತ್ತಿತ್ತು. ಕೊನೆಗೆ "ಈಗ ಓದು" ಅಂದರು. ನಾನು ಓದಿದೆ: ಪತಿಯೊಂದಿಗೆ ಮನಸ್ಸು ಬಿಚ್ಚಿ ಚರ್ಚಿಸಿ.

"ಚರ್ಚೆ ಮಾಡುವ ಗಂಡ ಆಗಿದ್ರೆ ಅವಳು ಕಾಗದ ಯಾಕೆ ಬರೀತಿದ್ಲು?" ಅಂದರು ನಮ್ಮ ದೊಡ್ಡಮ್ಮ. ಅವರ ದನಿಯಲ್ಲಿ ಬೇಸರ ಇತ್ತು. ಆ ಹೆಂಗಸಿಗೆ ಮೋಸ ಆಯಿತು ಅಂತ ಅವರಿಗೆ ನಿಜವಾಗಿ ಅನ್ನಿಸಿತ್ತು.

ಈ ಹೆಂಗಸರು ಆ ಪುಟವನ್ನು ಯಾಕೆ ಅಷ್ಟು ಹಚ್ಚಿಕೊಂಡಿದ್ದರು ಅಂತ ನಾನು ಬಹಳ ವರ್ಷ ಯೋಚನೆ ಮಾಡಿದ್ದೇನೆ. ಯಾಕೆಂದರೆ ಆ ಪುಟ ಅವರಿಗಾಗಿ ಬರೆದದ್ದು ಆಗಿರಲಿಲ್ಲ. ಅದರ ಸುತ್ತ ಇದ್ದ ಜಾಹೀರಾತು ನೋಡಿದರೆ ಗೊತ್ತಾಗುತ್ತಿತ್ತು. ಮುಖಕ್ಕೆ ಹಚ್ಚುವ ಕ್ರೀಮು, ಕುಕ್ಕರು, ಮಿಕ್ಸಿ. ಪತ್ರಿಕೆಯವರ ಕಣ್ಣ ಮುಂದೆ ಇದ್ದ ಓದುವವಳು ಪೇಟೆಯ ಒಂದು ಸಣ್ಣ ಮನೆಯ, ಹೈಸ್ಕೂಲು ಮುಗಿಸಿದ, ಗಂಡ ಆಫೀಸಿಗೆ ಹೋದ ಮೇಲೆ ಒಬ್ಬಳೇ ಕೂತು ಓದುವ ಗೃಹಿಣಿ. ನಮ್ಮ ಜಗಲಿಯಲ್ಲಿ ಕೂತು ಒಬ್ಬಳ ಬಾಯಿಂದ ಎಂಟು ಜನ ಕೇಳುವ ಬೀಡಿ ಕೆಲಸದವರು ಅವರ ಎಣಿಕೆಯಲ್ಲಿ ಇದ್ದಿರಲಾರರು.

ಆದರೂ ಪತ್ರದ ಮೊದಲ ಸಾಲೇ ಎಲ್ಲರನ್ನೂ ಒಳಗೆ ಕರೆಯುತ್ತಿತ್ತು. "ನಾನು 26 ವರ್ಷದ ಗೃಹಿಣಿ. ಮದುವೆಯಾಗಿ ಐದು ವರ್ಷ. ಒಂದು ಹೆಣ್ಣು ಮಗು ಇದೆ." ಎಲ್ಲ ಪತ್ರಗಳೂ ಹೆಚ್ಚು ಕಡಿಮೆ ಹೀಗೇ ಶುರು. ಕೇಳುವವಳು ಅಲ್ಲೇ ತನ್ನ ಲೆಕ್ಕ ಹಾಕುತ್ತಾಳೆ. ನನಗಿಂತ ಎರಡು ವರ್ಷ ಚಿಕ್ಕವಳು. ನನಗೂ ಐದು ವರ್ಷ. ನನಗೆ ಮಕ್ಕಳಿಲ್ಲ. ವಯಸ್ಸು, ಮದುವೆ, ಮಕ್ಕಳು, ಇಷ್ಟು ಮೂರು ಗೆರೆಯಲ್ಲಿ ಒಂದು ಹೆಣ್ಣಿನ ಚಿತ್ರ. ಕಣ್ಣು ಮೂಗು ನಾವೇ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಯಾರಿಗಾದರೂ ಅವಳು ತಾನೇ ಅನ್ನಿಸಬಹುದು, ಅಥವಾ ತನ್ನ ತಂಗಿ ಅನ್ನಿಸಬಹುದು.

ಪತ್ರದ ಕೊನೆಯೂ ಹಾಗೆಯೇ. "ಹೆಸರು, ಊರು ಬೇಡ." ಈ ಮೂರು ಪದ ನನಗೆ ಈಗಲೂ ಎದೆಗೆ ತಾಕುತ್ತದೆ. ನೋವನ್ನು ಎಲ್ಲರಿಗೂ ಹೇಳುತ್ತೇನೆ, ಆದರೆ ಅದು ನನ್ನದು ಅಂತ ಯಾರಿಗೂ ಗೊತ್ತಾಗಬಾರದು. ಎಲ್ಲರಿಗೂ ಎಲ್ಲರ ಮನೆ ವಿಷಯ ಗೊತ್ತಿರುವ ನಮ್ಮಂಥ ಹಳ್ಳಿಯಲ್ಲಿ ಇಂಥ ಅನುಕೂಲ ಬೇರೆ ಎಲ್ಲಿ ಸಿಗುತ್ತಿತ್ತು ಹೇಳಿ?

ಆಮೇಲೆ ಓದಿ ತಿಳಿದದ್ದು, ಈ ಅಂಕಣ ಹುಟ್ಟಿದ್ದೇ ಮುಖ ಮುಚ್ಚಿಕೊಂಡು. ಲಂಡನ್ನಿನಲ್ಲಿ 1691ರಲ್ಲಿ ಜಾನ್ ಡಂಟನ್ ಎಂಬ ಪುಸ್ತಕ ವ್ಯಾಪಾರಿ ಅಥೇನಿಯನ್ ಮರ್ಕ್ಯುರಿ ಅಂತ ಒಂದು ಪತ್ರಿಕೆ ತಂದ. ಓದುಗರು ಪ್ರಶ್ನೆ ಕಳಿಸಬೇಕು, ಹೆಸರು ಹೇಳಬೇಕಾಗಿಲ್ಲ, ಪತ್ರಿಕೆ ಉತ್ತರ ಕೊಡುತ್ತದೆ. ಉತ್ತರ ಕೊಡುವವರು ದೊಡ್ಡ ವಿದ್ವಾಂಸರ ಒಂದು ಸಂಘ ಅಂತ ಹೇಳಿಕೊಂಡಿದ್ದರು. ನಿಜಕ್ಕೂ ಅದರ ಹಿಂದೆ ಇದ್ದದ್ದು ಡಂಟನ್ ಮತ್ತು ಅವನ ಜೊತೆಯ ಎರಡು ಮೂರು ಜನ. ದೇವರು, ಗಣಿತ, ಪ್ರಾಣಿ, ಮದುವೆ, ಎಲ್ಲದಕ್ಕೂ ಉತ್ತರ. ಹೆಂಗಸರೂ ಬರೆಯಬಹುದು ಅಂತ ಅವರು ಬೇಗನೆ ಸಾರಿದರು. 1693ರಲ್ಲಿ ಹೆಂಗಸರಿಗಾಗಿಯೇ ಲೇಡೀಸ್ ಮರ್ಕ್ಯುರಿ ಅಂತ ಇನ್ನೊಂದು ಬಂತು, ನಾಲ್ಕು ಸಂಚಿಕೆಗೆ ನಿಂತೂ ಹೋಯಿತು. ಅಂದರೆ ಮುನ್ನೂರು ವರ್ಷದ ಹಿಂದೆಯೇ ಪತ್ರಿಕೆಯವರಿಗೆ ಗೊತ್ತಾಗಿತ್ತು, ಹೆಂಗಸರ ಮನಸ್ಸಿನಲ್ಲಿ ಕೇಳಲು ಬಾಕಿ ಉಳಿದ ಪ್ರಶ್ನೆ ಬೇಕಾದಷ್ಟು ಇದೆ ಅಂತ.

ಅದೇ ಲಂಡನ್ನಿನಲ್ಲಿ 1880ರಲ್ಲಿ ಶುರುವಾದ ಗರ್ಲ್ಸ್ ಓನ್ ಪೇಪರ್ ಅನ್ನುವ ಹುಡುಗಿಯರ ಪತ್ರಿಕೆಯಲ್ಲಿ ಪ್ರಶ್ನೆಯನ್ನು ಅಚ್ಚು ಹಾಕುತ್ತಲೇ ಇರಲಿಲ್ಲ. ಉತ್ತರ ಮಾತ್ರ. ಅವಳು ಏನು ಕೇಳಿದಳು ಅಂತ ಓದುವವಳೇ ಊಹಿಸಬೇಕು. ಇದನ್ನು ಓದಿದಾಗ ನನಗೆ ಕುತೂಹಲ ಜಾಸ್ತಿ ಆಯಿತು. ನಮ್ಮ ಜಗಲಿಯವರು ಉತ್ತರ ಮುಚ್ಚಿಟ್ಟು ಪ್ರಶ್ನೆ ಕೇಳುತ್ತಿದ್ದರು. ಅಲ್ಲಿ ಪ್ರಶ್ನೆ ಮುಚ್ಚಿಟ್ಟು ಉತ್ತರ ಕೊಡುತ್ತಿದ್ದರು. ಎರಡು ಕಡೆಯೂ ಒಂದು ಭಾಗ ಖಾಲಿ. ಆ ಖಾಲಿ ಜಾಗದಲ್ಲಿ ಓದುವವಳು ಹೋಗಿ ಕೂರುತ್ತಾಳೆ.

ಈಗ ಕೆಳಗಿನ ಮನೆಯ ಅಕ್ಕನ ವಿಷಯ.

ಅವಳು ನಮ್ಮ ಜಗಲಿಯಲ್ಲಿ ಕಂಬಕ್ಕೆ ಒರಗಿ ಕೂರುತ್ತಿದ್ದಳು. ಮಾತು ಕಡಿಮೆ. ಗಂಡ ದುಬೈಗೆ ಹೋಗಿ ಮೂರು ವರ್ಷ ಆಗಿತ್ತು. ನಮ್ಮ ಕಾಸರಗೋಡಿನಲ್ಲಿ ಇದು ಮನೆ ಮನೆಯ ಕತೆ. ಒಂದು ಸಂಜೆ ಎಲ್ಲರೂ ಎದ್ದು ಹೋದ ಮೇಲೆ ಅವಳು ಗೆರಸೆ ಕೊಡವುತ್ತಾ ಉಳಿದಳು. "ಮಗಾ, ಆ ಪುಸ್ತಕದವರಿಗೆ ನನ್ನದೊಂದು ಕಾಗದ ಬರೆದು ಕೊಡ್ತೀಯಾ?" ಅಂದಳು. ನಮ್ಮಲ್ಲಿ ವಾರಪತ್ರಿಕೆಗೂ ಪುಸ್ತಕ ಅಂತಲೇ ಹೇಳುವುದು. ಅವಳು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಕೇರಳ ಸಂಪೂರ್ಣ ಸಾಕ್ಷರ ಅಂತ ಘೋಷಣೆ ಆದದ್ದು 1991ರ ಏಪ್ರಿಲ್ 18ರಂದು. ಇದು ಅದಕ್ಕೆ ಎರಡು ವರ್ಷ ಹಿಂದಿನ ಮಾತು. ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟು ಅವಳಿಗೆ ಬರುತ್ತಿತ್ತು, ಬರೆಯಲು ಧೈರ್ಯ ಇರಲಿಲ್ಲ.

ಅಟ್ಟದ ಮೆಟ್ಟಿಲ ಮೇಲೆ ಕೂತು ನೋಟುಪುಸ್ತಕದ ನಾಲ್ಕು ಪುಟ ಬರೆದೆ. ಅವಳ ತೊಂದರೆ ಇಷ್ಟು. ಗಂಡನ ಕಾಗದ ತಿಂಗಳಿಗೊಂದು ಬರುತ್ತದೆ, ಅತ್ತೆಯ ಹೆಸರಿಗೆ. ದುಡ್ಡೂ ಅತ್ತೆಯ ಹೆಸರಿಗೆ. ಅದಕ್ಕೆ ಅವಳ ತಕರಾರಿಲ್ಲ. ಅತ್ತೆ ಒಳ್ಳೆಯವರು, ಹಬ್ಬಕ್ಕೆ ಸೀರೆ ತೆಗೆಸಿಕೊಡುತ್ತಾರೆ, ಹುಷಾರಿಲ್ಲದಾಗ ಗಂಜಿ ಮಾಡಿ ಕೊಡುತ್ತಾರೆ. ಕಾಗದದ ಕೊನೆಯಲ್ಲಿ ಗಂಡ ಅವಳ ಬಗ್ಗೆ ಒಂದು ಸಾಲು ಬರೆಯುತ್ತಾನೆ, "ಅವಳಿಗೂ ತಿಳಿಸು" ಅಂತ. ಅತ್ತೆ ಬರೆಸುವ ಉತ್ತರದಲ್ಲೂ ಅವಳ ಬಗ್ಗೆ ಒಂದೇ ಸಾಲು, "ನಿನ್ನ ಹೆಂಡತಿ ಸೌಖ್ಯ" ಅಂತ. ತನ್ನ ಹೆಸರಿಗೇ ಒಂದು ಕಾಗದ ಬರಬೇಕು ಅಂತ ಅವಳಿಗೆ ಆಸೆ. ಹಾಗೆ ಆಸೆ ಪಡುವುದು ತಪ್ಪಾ? ಕೇಳಿದರೆ ಅತ್ತೆಗೆ ಬೇಸರ ಆಗುತ್ತದಾ? ಇದು ಅವಳ ಪ್ರಶ್ನೆ.

ಊರಿನ ಅಂಚೆ ಕಚೇರಿಯಲ್ಲಿ ಹಾಕುವುದು ಬೇಡ ಅಂದಳು. ಮುದ್ರೆ ನೋಡಿ ಯಾರಿಗಾದರೂ ಗೊತ್ತಾದರೆ? ಕನ್ನಡಕಕ್ಕೆ ಅಂತ ಮಾವನ ಜೊತೆ ಮಂಗಳೂರಿಗೆ ಹೋದ ದಿನ ನಾನು ಅದನ್ನು ಹಂಪನಕಟ್ಟೆಯ ಡಬ್ಬಿಗೆ ಹಾಕಿದೆ. ಕೊನೆಯಲ್ಲಿ ಏನು ಬರೆಯಲಿ ಅಂತ ನಾನು ಕೇಳಿದ್ದಕ್ಕೆ ಅವಳಿಗೆ ಉತ್ತರ ಬಾಯಿಪಾಠ ಇತ್ತು. ಹೆಸರು, ಊರು ಬೇಡ.

ಹತ್ತು ಹನ್ನೆರಡು ವಾರ ಕಳೆದಿರಬೇಕು. ನನಗೆ ಮರೆತೇ ಹೋಗಿತ್ತು. ಎಂದಿನ ಹಾಗೆ ಓದುತ್ತಾ ಇದ್ದೆ. "ನಾನು 28 ವರ್ಷದ ಗೃಹಿಣಿ. ಪತಿ ವಿದೇಶದಲ್ಲಿದ್ದಾರೆ. ಅತ್ತೆಯ ಕಾಟ ತಾಳಲಾರದಾಗಿದೆ. ಪತಿಯ ಪತ್ರ, ಹಣ ಎಲ್ಲವೂ ಅತ್ತೆಯ ಕೈಸೇರುತ್ತದೆ..." ಎರಡನೇ ಸಾಲಿಗೆ ನನಗೆ ಗೊತ್ತಾಯಿತು. ಇದು ನಾನು ಬರೆದ ಕಾಗದ. ನಾಲ್ಕು ಪುಟ ಎಂಟು ಸಾಲಾಗಿದೆ. ಗಂಜಿ ಇಲ್ಲ, ಸೀರೆ ಇಲ್ಲ. ನಾವು ಬರೆಯದೇ ಇದ್ದ ಅತ್ತೆಯ ಕಾಟ ಬಂದು ಕೂತಿದೆ. ಅವಳ ಆಸೆ, ತನ್ನ ಹೆಸರಿಗೆ ಒಂದು ಕಾಗದ, ಅದೊಂದು ಕಾಣೆ.

ನನ್ನ ದನಿ ನಡುಗಿತು. ಕಂಬದ ಕಡೆ ನೋಡಿದೆ. ಅವಳು ತಲೆ ಎತ್ತಲಿಲ್ಲ, ಕೈಯೂ ನಿಲ್ಲಲಿಲ್ಲ. ಆದರೆ ಒಂದೇ ಬೀಡಿಗೆ ನೂಲು ಸುತ್ತುತ್ತಾ ಇದ್ದಳು. ಎರಡು ಸುತ್ತು ಸಾಕಾಗುವ ಕಡೆ ಐದು, ಆರು, ಏಳು.

ಪತ್ರಿಕೆಯವರ ಮೇಲೆ ನನಗೆ ಆಗ ಬಂದ ಸಿಟ್ಟು ಬಹಳ ದಿನ ಇತ್ತು. ಈಗ ಅದು ಹೇಗಾಯಿತು ಅಂತ ಅರ್ಥ ಆಗುತ್ತದೆ. ಅರ್ಧ ಪುಟದೊಳಗೆ ಮೂರು ಪತ್ರ, ಮೂರು ಉತ್ತರ ಹಿಡಿಸಬೇಕು. ಓದುವವಳಿಗೆ ತಟ್ಟನೆ ಗುರುತು ಸಿಗುವ ತೊಂದರೆ ಬೇಕು. ಅತ್ತೆಯ ಕಾಟ ಅಂದರೆ ಒಂದೇ ಮಾತಿಗೆ ಎಲ್ಲರಿಗೂ ಅರ್ಥವಾಗುತ್ತದೆ. ಒಳ್ಳೆಯ ಅತ್ತೆ ಇದ್ದೂ ಒಂಟಿತನ ಅಂದರೆ ವಿವರಿಸಲು ನಾಲ್ಕು ಪುಟ ಬೇಕು. ಹಾಗಾಗಿ ನೂರಾರು ಬಗೆಯ ನೋವುಗಳು ಆ ಮೇಜಿಗೆ ಹೋಗಿ ಏಳೆಂಟು ಅಚ್ಚುಗಳಲ್ಲಿ ಹೊರಗೆ ಬರುತ್ತವೆ. ಸಂಶಯದ ಗಂಡ, ಕಾಟದ ಅತ್ತೆ, ಕೈಕೊಟ್ಟ ಪ್ರೇಮಿ, ಮಾತು ಕೇಳದ ಮಗ. ಓದುಗರಿಗೆ ಹಿಡಿಸುವುದೂ ಅದೇ ಅಚ್ಚಿನಿಂದ, ಓದುಗರಿಗೆ ಮೋಸ ಆಗುವುದೂ ಅದೇ ಅಚ್ಚಿನಿಂದ. ಇದನ್ನು ನಾನು ತೂಕ ಮಾಡಿ ಹೇಳುತ್ತಾ ಇಲ್ಲ. ಆ ದಿನ ಕಂಬದ ಬುಡದಲ್ಲಿ ಕೂತವಳನ್ನು ನೋಡಿದವಳಾಗಿ ಹೇಳುತ್ತಿದ್ದೇನೆ.

ಉತ್ತರ ಓದುವ ಮೊದಲು ಎಂದಿನ ಹಾಗೆ ಜಗಲಿ ಮಾತಾಡಿತು. ಅತ್ತೆಗೆ ಎಲ್ಲರೂ ಚೆನ್ನಾಗಿ ಬೈದರು. ಆಗ ಎಲೆ ಕತ್ತರಿಸುತ್ತಾ ಇದ್ದ ಮೇಲಿನ ಮನೆಯ ಅಜ್ಜಿ ಕತ್ತರಿ ಕೆಳಗಿಟ್ಟು ಕೇಳಿದರು. "ಅದೆಲ್ಲ ಇರ್ಲಿ. ಇವಳು ಗಂಡನಿಗೆ ಒಂದು ಕಾಗದ ಬರ್ದಿದ್ದಾಳಾ? ಅದು ಇದ್ರಲ್ಲಿ ಇಲ್ವಲ್ಲ."

ಯಾರೂ ಮಾತಾಡಲಿಲ್ಲ. ಪತ್ರಿಕೆಯ ಉತ್ತರ ಏನಿತ್ತು ಅಂದರೆ, ಹೊಂದಿಕೊಂಡು ಹೋಗಿ, ಪತಿ ಊರಿಗೆ ಬಂದಾಗ ಸಮಾಧಾನದಿಂದ ತಿಳಿಸಿ.

ಅಜ್ಜಿಗೆ ಆ ಕಾಗದ ಯಾರದು ಅಂತ ಗೊತ್ತಿತ್ತಾ? ಇಲ್ಲ ಅಂತಲೇ ನನ್ನ ನಂಬಿಕೆ. ಗೊತ್ತಿದ್ದರೆ ಅವರು ಹಾಗೆ ನೇರ ಕೇಳುತ್ತಿರಲಿಲ್ಲ. ನಮ್ಮ ಕಡೆ ಬೇರೆಯವರ ಮನೆ ಸಂಸಾರದ ಮಾತನ್ನು ಮುಖಕ್ಕೆ ಹೇಳುವ ಕ್ರಮ ಇಲ್ಲ. ಊರು ಪೇರು ಇಲ್ಲದ ಒಬ್ಬಳ ಮೇಲೆ ಇಟ್ಟು ಹೇಳುವಾಗ ಮಾತ್ರ ಬಾಯಿ ಬಿಚ್ಚುತ್ತದೆ. ಅದನ್ನು ಆ ಅರ್ಧ ಪುಟ ಮಾಡಿಕೊಟ್ಟಿತ್ತು. ಇವಳ ನೋವನ್ನು ಬೇರೆ ಯಾರದೋ ನೋವಾಗಿ ಇವಳ ಎದುರಿಗೇ ತಂದು ಇಟ್ಟಿತ್ತು. ಅಚ್ಚಿನಲ್ಲಿ ತಪ್ಪಾಗಿ ಬಂದ ಪತ್ರವೂ ಅಷ್ಟು ಕೆಲಸ ಮಾಡಿತು.

ನ್ಯೂಯಾರ್ಕಿನ ಯಿದ್ದಿಶ್ ಪತ್ರಿಕೆ ಫೋರ್ವರ್ಟ್ಸ್ ಬಗ್ಗೆ ಓದಿದಾಗ ನನಗೆ ನಮ್ಮ ಜಗಲಿಯೇ ಕಣ್ಣ ಮುಂದೆ ಬಂತು. ಪೂರ್ವ ಯುರೋಪಿನಿಂದ ಹೊಟ್ಟೆಪಾಡಿಗೆ ವಲಸೆ ಬಂದ ಯಹೂದಿಗಳ ಪತ್ರಿಕೆ ಅದು. ಸುತ್ತ ಎಲ್ಲ ಇಂಗ್ಲಿಷ್, ಮನೆಯ ಮಾತು ಯಿದ್ದಿಶ್. ಸಂಪಾದಕ ಅಬ್ರಹಾಂ ಕಾಹನ್ 1906ರಲ್ಲಿ ಬಿಂಟೆಲ್ ಬ್ರೀಫ್ ಅಂತ ಒಂದು ಅಂಕಣ ಶುರು ಮಾಡಿದರು. ಕಾಗದಗಳ ಕಟ್ಟು ಅಂತ ಅದರ ಅರ್ಥ. ಬಟ್ಟೆ ಹೊಲಿಯುವ ಕಾರ್ಖಾನೆಯ ಹುಡುಗಿಯರು, ಕೆಲಸ ಹೋದ ಗಂಡಸರು, ಮಕ್ಕಳ ಇಂಗ್ಲಿಷ್ ಅರ್ಥವಾಗದ ತಾಯಂದಿರು ಅದಕ್ಕೆ ಬರೆದರು. ಬರೆಯಲು ಬಾರದವರು ಬೇರೆಯವರಿಂದ ಬರೆಸಿದರು. ಹೆಂಡತಿ ಮಕ್ಕಳನ್ನು ಬಿಟ್ಟು ಕಾಣೆಯಾದ ಗಂಡಂದಿರ ಫೋಟೊಗಳನ್ನು ಸಾಲಾಗಿ ಅಚ್ಚು ಹಾಕುವ ಪುಟವೂ ಆ ಪತ್ರಿಕೆಯಲ್ಲಿ ಇತ್ತು. ತಮ್ಮ ಭಾಷೆ ನಡೆಯದ ಊರಿನಲ್ಲಿ, ತಮ್ಮ ಭಾಷೆಯ ಒಂದು ಪುಟ ತಮ್ಮನ್ನು ಹೆಸರಿಡದೆ ಕರೆದು ಮಾತಾಡಿಸಿದರೆ ಹೇಗಿರುತ್ತದೆ ಅಂತ ನಮಗೆ ಹೇಳಿಕೊಡಬೇಕಾಗಿಲ್ಲ.

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯ ಕಾಸರಗೋಡು ತಾಲೂಕು ಕೇರಳಕ್ಕೆ ಸೇರಿತು. 1967ರಲ್ಲಿ ಮಹಾಜನ ಆಯೋಗ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಹೋಗಬೇಕು ಅಂತ ಹೇಳಿದರೂ ಅದು ಆಗಲಿಲ್ಲ. ಇದನ್ನು ಇಲ್ಲಿ ಯಾಕೆ ಎತ್ತಿದೆ ಅಂದರೆ, ಸಲಹೆ ಅಂಕಣದ "ನೀವು" ಅನ್ನುವ ಪದದಲ್ಲಿ ನಾವು ಇದ್ದೇವಾ ಇಲ್ಲವಾ ಅಂತ ತಿಳಿಯುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಬರೆಯುವವರಿಗೆ ಕನ್ನಡ ಓದುವವರೆಲ್ಲ ಕರ್ನಾಟಕದವರು. ಪಹಣಿ ತೆಗೆಸಿ ಅಂತ ಹೇಳುತ್ತಾರೆ. ನಮಗೆ ಇರುವುದು ಕೇರಳದ ವಿಲೇಜ್ ಆಫೀಸು. ಮನಸ್ಸಿನ ಸಲಹೆಗೆ ಗಡಿ ಇಲ್ಲ, ಕಾನೂನಿನ ಸಲಹೆಗೆ ಗಡಿ ಇದೆ.

ಮಂಜೇಶ್ವರದ ಕಡೆಯ ನನ್ನ ಗೆಳತಿಯೊಬ್ಬಳ ತಾಯಿ ಇದರಿಂದ ತುಂಬ ಕಷ್ಟಪಟ್ಟರು. ಅವರದು ಅಳಿಯಸಂತಾನದ ಮನೆ, ಆಸ್ತಿ ತಾಯಿಯ ಕಡೆಯಿಂದ ಬರುವುದು. ಪಾಲಿನ ವಿಷಯದಲ್ಲಿ ಒಂದು ಪತ್ರಿಕೆಯ ಕಾನೂನು ಅಂಕಣಕ್ಕೆ ಬರೆದರು. ಉತ್ತರ ಬಂತು, ಕವರುಗಳ, ಅಂದರೆ ತಾಯಿಯ ಕಡೆಯ ಕವಲುಗಳ ಲೆಕ್ಕದಲ್ಲಿ ಪಾಲು ಆಗುತ್ತದೆ ಅಂತ. ಆ ಪುಟವನ್ನು ಕತ್ತರಿಸಿ, ಮಡಚಿ, ಪರ್ಸಿನಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಅಣ್ಣತಮ್ಮಂದಿರ ಹತ್ತಿರ ವಾದ ಮಾಡಿದರು. ಕೊನೆಗೆ ಕಾಸರಗೋಡಿನ ವಕೀಲರ ಹತ್ತಿರ ಹೋದಾಗ ಅವರು ಪುಟ ನೋಡಿ ಹೇಳಿದರಂತೆ, "ಅಮ್ಮಾ, ಇದು ಆಚೆಯವರಿಗೆ." ಕೇರಳದಲ್ಲಿ ಕೂಡುಕುಟುಂಬ ಪದ್ಧತಿಯನ್ನೇ ತೆಗೆದುಹಾಕಿದ ಕಾಯಿದೆ 1976ರ ಡಿಸೆಂಬರ್ 1ಕ್ಕೆ ಜಾರಿಗೆ ಬಂದಿದೆ. ಅಳಿಯಸಂತಾನದ ಮನೆಗಳಲ್ಲಿ ಅಂದು ಬದುಕಿದ್ದ ಒಬ್ಬೊಬ್ಬರಿಗೂ ತಲೆಗೊಂದು ಪಾಲು ಅಂತ ಅಂದೇ ಲೆಕ್ಕ ಆಗಿಹೋಗಿದೆ. ಅಂಕಣ ಬರೆದವರು ಸುಳ್ಳು ಹೇಳಿರಲಿಲ್ಲ. ಕಾಗದದ ಕೊನೆಯಲ್ಲಿ ಆ ತಾಯಿಯೂ ಹೆಸರು, ಊರು ಬೇಡ ಅಂತ ಬರೆದಿದ್ದರು. ಊರು ಹೇಳದೆ ಇದ್ದದ್ದಕ್ಕೆ ಉತ್ತರ ಬೇರೆ ಊರಿನದ್ದು ಬಂತು.

ಮಲಯಾಳದ ಪತ್ರಿಕೆಗಳಿಗೆ ನಮ್ಮ ವಿಲೇಜ್ ಆಫೀಸು ಗೊತ್ತು, ನಮ್ಮ ದುಬೈಯೂ ಗೊತ್ತು. 1975ರಲ್ಲಿ ಶುರುವಾದ ವನಿತಾ ನಮ್ಮ ಪಕ್ಕದ ಮನೆಗೆ ಬರುತ್ತಿತ್ತು. ಕಾಲೇಜಿಗೆ ಹೋಗುವ ಹೊತ್ತಿಗೆ ನಾನೂ ಓದಲು ಕಲಿತೆ. ಗಂಡ ಗಲ್ಫಿನಲ್ಲಿ ಅಂತ ಅಲ್ಲಿ ಬರೆದರೆ ಅದಕ್ಕೆ ವಿವರಣೆ ಬೇಕಾಗಿರಲಿಲ್ಲ. ಅಂಥ ಓದುವವಳು ಇದ್ದೇ ಇದ್ದಾಳೆ ಅಂತ ಅವರಿಗೆ ಗೊತ್ತಿತ್ತು. ಕೆಳಗಿನ ಮನೆಯ ಅಕ್ಕ ಅಲ್ಲಿಗೆ ಬರೆದಿದ್ದರೆ ಸರಿಯಾದ ಉತ್ತರ ಸಿಗುತ್ತಿತ್ತೋ ಏನೋ. ಆದರೆ ಅವಳ ದುಃಖ ಇದ್ದದ್ದು ಕನ್ನಡದಲ್ಲಿ. "ನಿನ್ನ ಹೆಂಡತಿ ಸೌಖ್ಯ" ಅನ್ನುವ ಆ ಸಾಲಿನ ತಣ್ಣನೆಯನ್ನು ಇನ್ನೊಂದು ಭಾಷೆಗೆ ತೆಗೆದುಕೊಂಡು ಹೋಗಲು ನನಗೆ ಆಗುತ್ತಿರಲಿಲ್ಲ.

ಗಂಡಸರು ಸಲಹೆ ಪುಟ ಓದುವುದಿಲ್ಲ ಅನ್ನುತ್ತಾರೆ. ನಮ್ಮ ಮಾವ ಅಡಿಕೆ ಪತ್ರಿಕೆಯನ್ನು ಹೇಗೆ ಓದುತ್ತಿದ್ದರು ಅಂತ ನೋಡಿದವರು ಹಾಗೆ ಹೇಳಲಾರರು. 1988ರಲ್ಲಿ ಪುತ್ತೂರಿನಿಂದ ಅದು ಶುರುವಾಯಿತು. ನಮ್ಮ ಕಡೆಯವರೇ ಆದ ಶ್ರೀ ಪಡ್ರೆ ಅದರ ಸಂಪಾದಕರು. ಕೃಷಿಕರ ಕೈಗೆ ಲೇಖನಿ ಅನ್ನುವುದು ಅವರ ಮಾತು. ಅಲ್ಲಿ ಕೃಷಿಕರಿಗೆ ಹೇಳುವವರು ಇನ್ನೊಬ್ಬ ಕೃಷಿಕರು. ಯಾವ ತೋಟ, ಎಷ್ಟು ಮರ, ಏನು ಮಾಡಿದೆ, ಏನಾಯಿತು, ಎಲ್ಲ ಬಿಚ್ಚಿ. ಹೆಸರೂ ಬೇಕು, ಊರೂ ಬೇಕು. ಅಡಿಕೆಯ ಕೊಳೆರೋಗಕ್ಕೆ ಬಿಡುವ ಬೋರ್ಡೋ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ ಅನ್ನುವುದು ಎಲ್ಲರಿಗೂ ಗೊತ್ತು. ಮಳೆ ಬಿಡದ ವರ್ಷ ಎರಡನೇ ಸಲ ಮದ್ದು ಬಿಡುವುದು ಯಾವಾಗ ಅಂತ ಹೇಳಲು ಅದೇ ಮಳೆಯಲ್ಲಿ ನೆನೆದವರೇ ಬೇಕು. ಮಾವ ಓದಿ ಮುಗಿಸಿ ಆ ಊರಿಗೆ ಬಸ್ಸು ಹತ್ತಿ ಹೋಗಿ ತೋಟ ನೋಡಿ ಬಂದದ್ದೂ ಉಂಟು. ಕೊಳೆರೋಗ ಬಂದರೆ ಯಾರೂ ನಾಚಿಕೊಳ್ಳುವುದಿಲ್ಲ, ಅದಕ್ಕೇ ಹೆಸರು ಹಾಕಬಹುದು. ಮನಸ್ಸಿಗೆ ಬಂದ ಕೊಳೆಗೆ ಹೆಸರು ಹಾಕುವ ಧೈರ್ಯ ಇವತ್ತಿಗೂ ನಮಗೆ ಬಂದಿಲ್ಲ.

ಆ ಧೈರ್ಯದ ಕಡೆಗೆ ಸ್ವಲ್ಪವಾದರೂ ದಾರಿ ಮಾಡಿದವರು ಮಾತ್ರ ಇದ್ದಾರೆ, ಅವರನ್ನು ನೆನೆಯದೆ ಮುಂದೆ ಹೋದರೆ ತಪ್ಪಾಗುತ್ತದೆ. ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ.ಆರ್. ಚಂದ್ರಶೇಖರ್ ಮನಸ್ಸಿನ ಕಾಯಿಲೆಗಳ ಬಗ್ಗೆ ಇಷ್ಟು ವರ್ಷ ಸುಲಭ ಕನ್ನಡದಲ್ಲಿ ಬರೆದರು. 2024ರಲ್ಲಿ ಅವರಿಗೆ ಪದ್ಮಶ್ರೀ ಬಂದಾಗ ನನಗೆ ನಮ್ಮ ಮನೆಯವರಿಗೇ ಬಂದಷ್ಟು ಸಂತೋಷ ಆಯಿತು. ಗಾಳಿ ಸೋಕಿದೆ ಅಂತ ಬಾಗಿಲು ಹಾಕಿ ಕೂರಿಸುತ್ತಿದ್ದ ಕಾಲದಲ್ಲಿ, ಇದೊಂದು ಕಾಯಿಲೆ, ಇದಕ್ಕೆ ಮದ್ದು ಉಂಟು, ಇದು ನಿಮ್ಮ ತಪ್ಪಲ್ಲ ಅಂತ ಡಾಕ್ಟರೊಬ್ಬರು ಅಚ್ಚಿನಲ್ಲಿ ಹೇಳುವುದು ಸಣ್ಣ ವಿಷಯ ಅಲ್ಲ. ಒಳ್ಳೆಯ ಸಲಹೆಗಾರರ ಗುರುತು ನನಗೆ ಒಂದೇ. ಪತ್ರ ಬರೆದವಳು ಹೇಳದೆ ಬಿಟ್ಟದ್ದನ್ನು ಅವರು ಕೇಳುತ್ತಾರೆ. ನಮ್ಮ ಅಜ್ಜಿ ಕೇಳಿದ ಹಾಗೆ.

ಅಜ್ಜಿ ಹಾಗೆ ಕೇಳಿ ಒಂದು ವಾರ ಆಗಿರಬೇಕು. ಶಾಲೆಯಿಂದ ಬರುವಾಗ ಕೆಳಗಿನ ಮನೆಯ ಅಕ್ಕ ತೋಟದ ದಾರಿಯಲ್ಲಿ ನಿಂತಿದ್ದಳು. ಸೆರಗಿನಡಿಯಲ್ಲಿ ಒಂದು ಏರೋಗ್ರಾಂ, ವಿದೇಶಕ್ಕೆ ಹಾಕುವ ಅಂಚೆ ಕಾಗದ. ಬೀಡಿ ದುಡ್ಡಿನಲ್ಲಿ ತೆಗೆದದ್ದು. "ಇದು ಅವರಿಗೆ" ಅಂದಳು. ಈ ಸಲ ಅಟ್ಟದ ಮೆಟ್ಟಿಲು ಬೇಡ ಅಂತ ನಾವು ತೋಟದ ಕಟ್ಟಪುಣಿಯ ಮೇಲೆಯೇ ಕೂತೆವು. ನಾಲ್ಕು ಪುಟಕ್ಕೆ ಆಗುವಷ್ಟು ಹೇಳುತ್ತಾಳೆ ಅಂದುಕೊಂಡಿದ್ದೆ. ಅವಳು ಹೇಳಿದ್ದು ಏಳೆಂಟು ಸಾಲು. ಅತ್ತೆಗೆ ಮೊಣಕಾಲು ನೋವು ಕಡಿಮೆ ಆಗಿದೆ. ಕರಿ ದನ ಕರು ಹಾಕಿದೆ, ಹೆಣ್ಣು ಕರು. ಇದನ್ನು ನಿಮಗೊಬ್ಬರಿಗೇ ಬರೆಸುತ್ತಾ ಇದ್ದೇನೆ. ನನಗೆ ಅಂತ ಒಂದು ಕಾಗದ ಹಾಕಿ. ಉದ್ದ ಬೇಡ. ಅಕ್ಷರ ದೊಡ್ಡದಾಗಿ ಬರೆಯಿರಿ.

ಕೊನೆಯಲ್ಲಿ ಪೆನ್ನು ತೆಗೆದುಕೊಂಡು ಅವಳೇ ತನ್ನ ಹೆಸರು ಬರೆದಳು. ಒಂದು ಒತ್ತಕ್ಷರ ತಪ್ಪಿತ್ತು. ನಾನು ತಿದ್ದಲಿಲ್ಲ.

ನವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಪೋಸ್ಟ್‌ಮ್ಯಾನ್ ನಮ್ಮ ಗೇಟಿನ ಹತ್ತಿರ ನಿಂತು ಅವಳ ಹೆಸರು ಕರೆದರು. ಇಲ್ಲಿಯೇ ಇರುತ್ತಾಳೆ ಅಂತ ಅವರಿಗೆ ಗೊತ್ತಿತ್ತು. ಅವಳು ಎದ್ದು ಹೋಗಿ ತಂದು, ಗೆರಸೆಯ ಅಡಿಗೆ ಇಟ್ಟು, ಮತ್ತೆ ಎಲೆ ಎತ್ತಿಕೊಂಡಳು. ಆ ದಿನ ನಾನು ಓದುತ್ತಿದ್ದದ್ದು ಯಾರ ತಲೆಗೂ ಹೋಗಲಿಲ್ಲ. ಸಂಜೆ ಎಲ್ಲರೂ ಎದ್ದ ಮೇಲೆ ಅವಳು ಕರೆಯುತ್ತಾಳೆ, ಓದಿ ಹೇಳು ಅನ್ನುತ್ತಾಳೆ ಅಂತ ನಾನು ಪುಸ್ತಕ ಮುಚ್ಚಿ ಕಾಯುತ್ತಾ ಕೂತೆ. ಅವಳು ಗೆರಸೆ ಕೊಡವಿ, ಕಾಗದ ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲು ಇಳಿದು ಹೋದಳು. ಮರುದಿನವೂ ಕರೆಯಲಿಲ್ಲ. ನಾಲ್ಕನೇ ದಿನವೋ ಐದನೇ ದಿನವೋ ನೀರು ತರಲು ಹೋದಾಗ ಕಂಡೆ. ಬಾವಿಕಟ್ಟೆಯ ಮೇಲೆ ಕೂತು, ಬೆರಳಿಟ್ಟು, ತುಟಿ ಅಲ್ಲಾಡಿಸುತ್ತಾ ಅವಳು ಓದುತ್ತಿದ್ದಳು. ಬೆರಳು ಇನ್ನೂ ಅರ್ಧಕ್ಕೆ ಬಂದಿತ್ತು.